ಒಂಬತ್ತನೇ ತರಗತಿಗಾಗಿ ಬಿದ್ದ ಸರ್ಕಾರ

ನನ್ನ ಸೇವೆಯಲ್ಲಿ ಎರಡು ಜಡೆ ಹಾಕಿಕೊಂಡ ಪ್ರಧಾನಮಂತ್ರಿಗಳನ್ನು ಬೇಕಾದಷ್ಟು ಕಂಡಿದ್ದೇನೆ. ರಾಜೀನಾಮೆ ಕೊಟ್ಟವಳನ್ನು ಕಂಡದ್ದು ಒಮ್ಮೆ ಮಾತ್ರ.

ಸರ್ಕಾರಿ ಶಾಲೆಗಳ ಕಡೆ ಹಾಯದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಪ್ರತಿ ವರ್ಷ ಶಾಲಾ ಸಂಸತ್ತಿಗೆ ಚುನಾವಣೆಯಾಗುತ್ತದೆ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ, ಎಣಿಕೆ, ಪ್ರಮಾಣವಚನ, ಯಾವುದಕ್ಕೂ ಕೊರತೆಯಿಲ್ಲ. ಈಗ ಬಹಳ ಕಡೆ ಮೊಬೈಲನ್ನೇ ಮತಯಂತ್ರ ಮಾಡಿ ಒತ್ತಿಸುತ್ತಾರೆ. ನಾನು ಹಳೇ ಪದ್ಧತಿಯವನು. ಚೀಟಿ, ಬೀಗ ಹಾಕಿದ ಡಬ್ಬಿ, ಪರದೆ ಕಟ್ಟಿದ ಮೂಲೆ ಇಷ್ಟಿಲ್ಲದೆ ಜನಾದೇಶ ಪವಿತ್ರವಾಗುವುದಿಲ್ಲವೆಂದು ನಂಬಿದವನು. ಗೆದ್ದವಳು ಸಂಪುಟ ಕಟ್ಟುತ್ತಾಳೆ. ನೀರಿನ ಮಂತ್ರಿ ಟಾಕಿ ತೊಳೆಸುತ್ತಾನೆ. ಆಹಾರ ಮಂತ್ರಿ ಬಿಸಿಯೂಟದ ಸಾಲು ಕಾಯುತ್ತಾಳೆ. ಆರೋಗ್ಯ ಮಂತ್ರಿ ಉಗುರು ನೋಡುತ್ತಾಳೆ, ನನ್ನದನ್ನೂ. ಸೋತವರಲ್ಲಿ ಮುಂದಿರುವವನು ವಿರೋಧ ಪಕ್ಷದ ನಾಯಕ. ತಕರಾರು ತೆಗೆಯುವುದು ಅವನ ಖಾತೆ. ನಮ್ಮ ನಾಯಕ ಅದನ್ನು ಮನಸ್ಸಿಟ್ಟು ನಡೆಸುತ್ತಿದ್ದ.

ನಾನು ಈ ಗಣರಾಜ್ಯದ ಮುಖ್ಯಗುರು. ನಮ್ಮ ಊರಿನ ಭೂಗೋಳವೂ ಅಷ್ಟೇ ಘನವಾದದ್ದು. ಪಹಣಿ ಬೇಕೆಂದರೆ ಮಸ್ಕಿಗೆ ಹೋಗಬೇಕು. ಮಾಸ್ತರರ ಸಭೆಯೆಂದರೆ ಲಿಂಗಸುಗೂರಿನ ಬಸ್ಸು ಹಿಡಿಯಬೇಕು. ಬಟ್ಟೆ, ದವಾಖಾನೆ, ಸಿನಿಮಾ ಇವೆಲ್ಲ ಸಿಂಧನೂರಿನಲ್ಲಿ. ಮೂರು ಊರುಗಳ ನಡುವೆ ಇದ್ದೇವೆಂಬ ಹೆಮ್ಮೆ ನಮಗುಂಟು, ಮೂರೂ ಕಡೆ ಹೋಗುವ ಬಸ್ಸಿನಲ್ಲಿ ನಿಂತೇ ಹೋಗುವ ಯೋಗವೂ ಉಂಟು.

ಊರನ್ನು ಒತ್ತಿಕೊಂಡು ಕಾಲುವೆ ಹರಿಯುತ್ತದೆ. ಆಚೆ ದಂಡೆಯ ಕ್ಯಾಂಪಿನಲ್ಲಿ, ಅಂದರೆ ನೀರಾವರಿಯ ಹಿಂದೆ ಬಂದು ನೆಲೆಸಿದವರ ಊರಿನಲ್ಲಿ, ಹೈಸ್ಕೂಲು. ನಮ್ಮದು ಎಂಟನೇ ತರಗತಿಗೆ ಮುಗಿಯುವ ಶಾಲೆ. ಒಂಬತ್ತು ಬೇಕೆಂದರೆ ಅಲ್ಲಿಗೇ ಹೋಗಬೇಕು. ನಮ್ಮಲ್ಲೇ ಒಂಬತ್ತನ್ನು ಕೊಡಿ ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ ಬರುತ್ತಿತ್ತು: ಹತ್ತಿರದಲ್ಲಿ ಹೈಸ್ಕೂಲಿರುವ ಊರಿಗೆ ಇನ್ನೊಂದನ್ನು ಕೊಡಲು ಬರುವುದಿಲ್ಲ. ಅದು ಹತ್ತಿರ ಇದ್ದದ್ದೂ ಸುಳ್ಳಲ್ಲ. ದಂಡೆಯ ಮೇಲೆ ನಿಂತರೆ ಅವರ ಪ್ರಾರ್ಥನೆಯ ಗಂಟೆ ಕೇಳಿಸುತ್ತಿತ್ತು. ಆದರೆ ನಡುವೆ ನೀರು. ಸೇತುವೆ ಇರುವುದು ತುರ್ವಿಹಾಳದ ದಿಕ್ಕಿಗೆ, ಗದ್ದೆ ಬಯಲುಗಳನ್ನೆಲ್ಲ ದಾಟಿ ಬಹು ದೂರದಲ್ಲಿ. ಆ ದಾರಿಯಲ್ಲಿ ಬಸ್ಸಿಲ್ಲ. ಹುಡುಗರು ಒಂದೇ ಬೈಕಿನ ಮೇಲೆ ಮೂವರು ಜೋತು ಬಿದ್ದು ಹೋಗುತ್ತಿದ್ದರು. ಹುಡುಗಿಯರು ಎಂಟಕ್ಕೆ ನಿಲ್ಲುತ್ತಿದ್ದರು. ಅಪ್ಪನೇ ಬಿಟ್ಟು ಬರುತ್ತೇನೆಂದು ಹೊರಟ ಒಬ್ಬಿಬ್ಬರಿಗೂ ಅಲ್ಲಿ ಜಾಗದ ತೊಂದರೆ. ಅವರ ಒಂಬತ್ತನೇ ತರಗತಿ ಆಗಲೇ ತುಂಬಿ ಕಿಟಕಿಯ ಕಟ್ಟೆ ಹತ್ತಿ ಕೂತಿತ್ತು. ಬೀಳ್ಕೊಡುಗೆಯ ದಿನ ನಾನು ಹರಸಿ ಕಳಿಸಿದ ಹುಡುಗಿಯರು ನಾಟಿಯ ಕಾಲಕ್ಕೆ ಆಳುಗಳನ್ನು ತುಂಬಿಕೊಂಡ ಟಂಟಂ ಗಾಡಿಯಲ್ಲಿ ಕೂತು ನನಗೆ ನಮಸ್ಕಾರ ಮಾಡುತ್ತ ಹಾಯ್ದು ಹೋಗುತ್ತಿದ್ದರು.

ಆ ವರ್ಷದ ಪ್ರಧಾನಿ ಎಂಟನೇ ತರಗತಿಯವಳು. ಕುರಿ ಕಾಯುವ ಮನೆಯ ಹುಡುಗಿ. ಕುರಿಗಳನ್ನು ತಿರುಗಿಸಿ ಪಳಗಿದ ಗಂಟಲಾದ್ದರಿಂದ ಸಂಸತ್ತಿನಲ್ಲಿ ಅವಳಿಗೆ ಮೈಕು ಬೇಕಾಗುತ್ತಿರಲಿಲ್ಲ.

ನವೆಂಬರಿನಲ್ಲಿ ಮಕ್ಕಳ ಗ್ರಾಮಸಭೆಯ ಸುತ್ತೋಲೆ ಬಂತು. ಪಂಚಾಯಿತಿಯವರು ಮತ್ತು ಶಿಕ್ಷಣ ಇಲಾಖೆಯವರು ಮಕ್ಕಳೆದುರು ಕೂತು ಮಕ್ಕಳು ಕೇಳಿದ್ದಕ್ಕೆ ಉತ್ತರ ಕೊಡುವ ಸಭೆ ಅದು. ಇಂಥದೊಂದು ನಿಯಮ ಮಾಡಿದ ಪುಣ್ಯಾತ್ಮ ಯಾರೋ ನಾನರಿಯೆ, ಆದರೆ ದೊಡ್ಡ ಮನಸ್ಸಿನವನು. ಸಣ್ಣ ಮನಸ್ಸು ಇದ್ದದ್ದು ನಮ್ಮ ರೂಢಿಯಲ್ಲಿ. ಪ್ರಶ್ನೆಗಳನ್ನು ಮಾಸ್ತರರೇ ಬರೆದು ಬಾಯಿಪಾಠ ಮಾಡಿಸುವುದು: ನಲ್ಲಿ ಬೇಕು, ಕಾಂಪೌಂಡು ಬೇಕು, ಮೈದಾನ ಬೇಕು. ಕ್ರಮ ಕೈಗೊಳ್ಳಲಾಗುವುದು ಎಂದು ವೇದಿಕೆಯಿಂದ ಉತ್ತರ. ಚಪ್ಪಾಳೆ, ಬಿಸ್ಕೀಟು, ರಾಷ್ಟ್ರಗೀತೆ.

ಸುತ್ತೋಲೆಯ ಹಿಂದೆಯೇ ನಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ.ಯವರ ಫೋನು.

"ಸರ್, ಮಕ್ಕಳು ಮುಕ್ತವಾಗಿ ಮಾತಾಡಬೇಕು ಅಂತ ಆದೇಶ ಐತಿ, ನೋಡೀರಿಲ್ಲ?"

"ನೋಡೀನ್ರಿ."

"ಏನೇನು ಮುಕ್ತವಾಗಿ ಮಾತಾಡ್ತಾರ ಅನ್ನಾದು ಶುಕ್ರವಾರದೊಳಗ ವಾಟ್ಸಾಪ್ ಮಾಡ್ಬಿಡ್ರಿ."

ನಾನು ನಲ್ಲಿ, ಕಾಂಪೌಂಡು, ಮೈದಾನಗಳನ್ನು ಬರೆದುಕೊಂಡು ಸಂಸತ್ತಿನ ಮುಂದಿಟ್ಟೆ. ನಮ್ಮ ಸಂಸತ್ತಿನ ನಿಯಮದಂತೆ ಯಾವ ಪ್ರಶ್ನೆಯೂ ಕೈ ಎತ್ತಿಸಿ ಪಾಸಾಗಬೇಕು. ನಿಯಮ ಮಾಡಿದವನು ನಾನೇ. ಪ್ರಧಾನಿ ಎದ್ದು ನಿಂತಳು.

"ಸರ್, ನಲ್ಲಿ ಹೋದ ವರ್ಸಾನೂ ಕೇಳೀವ್ರಿ. ಈ ಸಲ ಒಂಬತ್ತನೇ ಕ್ಲಾಸು ಕೇಳಾಮ್ರಿ."

"ಅದು ಪಂಚಾಯ್ತಿ ಕೈಯಾಗಿಂದಲ್ಲವ್ವ."

"ಕೈಯಾಗಿದ್ದಾರು ಬರ್ತಾರಂತಲ್ರಿ, ಇಲಾಖೆ ಸಾಹೇಬ್ರು. ಅವ್ರಿಗೆ ಕೇಳ್ತೀವಿ."

ವಿರೋಧ ಪಕ್ಷದ ನಾಯಕ ಇದನ್ನಾದರೂ ವಿರೋಧಿಸುತ್ತಾನೆಂದು ಅವನತ್ತ ನೋಡಿದೆ. ಅವನು ಎರಡೂ ಕೈ ಎತ್ತಿದ್ದ. ಒಂದೇ ಕೈ ಎತ್ತಬೇಕೆಂದು ಗದರಿದೆ, ಒಂದನ್ನು ಇಳಿಸಿದ. ಒಂಬತ್ತನೇ ತರಗತಿಯ ಪ್ರಶ್ನೆ ಸರ್ವಾನುಮತದಿಂದ ಪಾಸಾಯಿತು. ನನ್ನ ನಲ್ಲಿ ಬಿದ್ದುಹೋಯಿತು.

ಪ್ರಶ್ನೆಗಳನ್ನು ಕಳಿಸಿ ಚಹಾ ಮುಗಿಸುವುದರೊಳಗೆ ಸಿ.ಆರ್.ಪಿ.ಯವರು ಮತ್ತೆ ಫೋನಿಗೆ ಬಂದರು.

"ಸರ್, ಈ ಒಂಬತ್ತನೇದು ತಗದುಬಿಡ್ರಿ. ಸಾಹೇಬ್ರು ಬರಾಕತ್ಯಾರ. ಅವ್ರ ಮುಂದ ಮೈಕಿನಾಗ ಇದನ್ನ ಕೇಳಿದ್ರ ಚಂದ ಕಾಣ್ತದೇನ್ರಿ? ಊರಾಗಿನ ಪ್ರಶ್ನೆ ಅಷ್ಟ ಇರಲಿ."

ತೆಗೆದೆ. ಬದಲಿಗೆ ನಲ್ಲಿಯನ್ನು ಸೇರಿಸಿದೆ. ಪರಿಷ್ಕೃತ ಪ್ರಶ್ನೆಗಳನ್ನು ಸೂಚನಾ ಫಲಕಕ್ಕೆ ಅಂಟಿಸಿ, ಆಡಳಿತ ಸುಸೂತ್ರವಾಗಿ ನಡೆಯುತ್ತಿದೆ ಎಂಬ ಸಮಾಧಾನದಲ್ಲಿ ಮನೆಗೆ ಹೋದೆ.

ಮರುದಿನ ಪ್ರಾರ್ಥನೆ ಮುಗಿದದ್ದೇ ಸರ್ಕಾರ ಬಿತ್ತು.

ಪ್ರಧಾನಿ ಸಾಲು ಬಿಟ್ಟು ಮುಂದೆ ಬಂದು, ಪಿನ್ನು ಬಿಚ್ಚಿ, ತನ್ನ ಬ್ಯಾಡ್ಜನ್ನು ಮೈಕಿನ ಮೇಜಿನ ಮೇಲಿಟ್ಟಳು. ಹಿಂದೆಯೇ ನೀರು ಬಂತು, ಆಹಾರ ಬಂತು, ಆರೋಗ್ಯ ಬಂತು. ಕ್ರೀಡಾ ಮಂತ್ರಿಯ ಪಿನ್ನು ಅಂಗಿಗೆ ಸಿಕ್ಕಿಕೊಂಡಿತ್ತು. ಅವನಿಗಾಗಿ ಎಲ್ಲರೂ ನಿಂತು ಕಾದರು.

"ಏನಿದವ್ವ?"

"ರಾಜೀನಾಮಿ ರೀ ಸರ್."

"ಯಾಕ?"

"ಸಂಸತ್ತಿನಾಗ ಪಾಸಾಗಿದ್ದನ್ನ ನೀವು ಹೊಡದ್ ಹಾಕೀರಿ. ನಮ್ಮ ಮಾತು ನಡೆಂಗಿಲ್ಲಂದ್ರ ನಾವ್ಯಾಕ ಇರಬೇಕ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ವಂದನೆ ಸಲ್ಲಿಸಿ, ಹಿಂದಕ್ಕೆ ತಿರುಗಿ, ತನ್ನ ಸಾಲಿನಲ್ಲಿ ತನ್ನ ಜಾಗದಲ್ಲಿ ನಿಂತಳು. ದೇಶದಲ್ಲಿ ಇಷ್ಟು ಅಚ್ಚುಕಟ್ಟಾಗಿ ಕುರ್ಚಿ ಬಿಟ್ಟವರನ್ನು ನಾನು ಕಂಡಿರಲಿಲ್ಲ.

ಮಂತ್ರಿಗಳಿಲ್ಲದ ಶಾಲೆ ಹೇಗಿರುತ್ತದೆಂದು ಅಂದೇ ತಿಳಿಯಿತು. ಟಾಕಿಯ ನಲ್ಲಿ ತೆರೆದೇ ಉಳಿದು ಅಂಗಳವೆಲ್ಲ ರಾಡಿ. ಊಟದ ಸಾಲಿನಲ್ಲಿ ಒಂದನೇ ತರಗತಿಯವರು ಎಂಟನೆಯವರ ಕಾಲಡಿ ಸಿಕ್ಕಿಕೊಂಡರು. ಮೊಟ್ಟೆ ತಿನ್ನುವವರು, ಬಾಳೆಹಣ್ಣು ತಿನ್ನುವವರು ಬೇರೆ ಬೇರೆ ಕೂಡುವ ಪದ್ಧತಿ ಮುರಿದು ಎರಡೂ ಕೈಯಲ್ಲಿ ಎರಡೂ ಹಿಡಿದವರು ಕಾಣಿಸಿಕೊಂಡರು. ನಾನೇ ಬೆತ್ತವಿಲ್ಲದ ಪೊಲೀಸನಾಗಿ ಓಡಾಡಿದೆ. ನಮ್ಮ ಹಿರಿಯ ಸಹಶಿಕ್ಷಕಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನೋಡಿದರು.

"ರಾಷ್ಟ್ರಪತಿ ಆಳ್ವಿಕಿ ಚಲೋ ನಡದೈತಲ್ರಿ ಸರ್."

ಸಂವಿಧಾನದಂತೆ ನಡೆಯೋಣವೆಂದು ವಿರೋಧ ಪಕ್ಷದ ನಾಯಕನನ್ನು ಕರೆಸಿ ಸರ್ಕಾರ ರಚಿಸಲು ಆಹ್ವಾನಿಸಿದೆ. ಈ ಕುರ್ಚಿಗಾಗಿ ಅವನು ಚುನಾವಣೆಯಲ್ಲಿ ಹೊರಳಾಡಿದ್ದನ್ನು ಕಣ್ಣಾರೆ ಕಂಡಿದ್ದೆ. ಅವನು ನೆಲ ನೋಡುತ್ತ ನಿಂತ.

"ಒಲ್ಲೆ ರೀ ಸರ್."

"ಯಾಕಪ್ಪ? ನಿಂಗೂ ಆಕಿಗೂ ಆಗಿ ಬರಂಗಿಲ್ಲಲ್ಲ?"

"ಆಗಿ ಬರಂಗಿಲ್ರಿ. ಖರೇ ಮಾತದು. ಆದ್ರ ನಾ ನಾಳಿ ನಮ್ಮಣ್ಣನ ಬೈಕ್ ಮ್ಯಾಲ ಹೋಗ್ತೀನಿ, ನಮ್ಮ ತಂಗಿ ಎದ್ರ ಮ್ಯಾಲ ಹೋಗ್ತಾಳ್ರಿ?"

ಹೋಗು ಎಂದೆ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಪ್ರಧಾನಿಯ ಅಪ್ಪ ಕುರಿ ಹೊಡೆದುಕೊಂಡು ಗೇಟಿನ ಮುಂದೆ ಬಂದ. ಹೆಗಲ ಮೇಲೆ ಕಂಬಳಿ, ಕಣ್ಣಲ್ಲಿ ನಗೆ.

"ಏನ್ರಿ ಸರ್, ನನ್ನ ಮಗಳು ನೌಕ್ರಿ ಬಿಟ್ಟಾಳಂತಲ್ರಿ?"

"ಬಿಟ್ಟಾಳಪ್ಪ."

"ಬಿಡ್ಲಿ ತಗೋರಿ, ಪಗಾರಿಲ್ಲದ ನೌಕ್ರಿ." ಒಂದು ಮರಿಯನ್ನು ಗೇಟಿನಿಂದ ಎಳೆದುಕೊಂಡ. ಆಮೇಲೆ ನಗೆ ಬಿಟ್ಟು ಮಾತಾಡಿದ. "ಊರಾಗ ಇದ್ರ ಎಷ್ಟರ ಕಲೀಲಿ, ನಂದೇನು ತಕರಾರಿಲ್ಲ. ಕಾಲುವಿ ಆಚಿ ಅಂದ್ರ ಬ್ಯಾಡ್ರಿ. ನಾ ಕುರಿ ಹಿಂದ ಹೋದ್ರ ದಿನಾ ಸುತ್ತ ಹಾಕಿ ಬಿಟ್ಟು ಬರಾರು ಯಾರದಾರ? ಎಂಟು ಮುಗೀತಂದ್ರ ನನ್ನ ಜೋಡಿ ಬರ್ತಾಳ."

"ಒಂಬತ್ತು ಇಲ್ಲೇ ಆದ್ರ?"

"ಆದ್ರ ಕಳಸ್ತೀನ್ರಿ. ಮಾತಂದ್ರ ಮಾತು. ಆದ್ರ ಆಗಬೇಕಲ್ರಿ ಸರ್."

ಅವನು ಹೋದ ಮೇಲೆ ಸುತ್ತೋಲೆಯನ್ನು ಇನ್ನೊಮ್ಮೆ ಓದಿದೆ. ಮೊದಲ ಸಲ ನಾವು ಓದುವುದು ದಿನಾಂಕ ಮತ್ತು ಬಿಸ್ಕೀಟಿನ ವಿಷಯ ಮಾತ್ರ. ಮಕ್ಕಳು ಏನು ಕೇಳಬೇಕೆಂದು ದೊಡ್ಡವರು ಹೇಳಿಕೊಡಬಾರದು, ಕೇಳುವುದನ್ನು ತಡೆಯಬಾರದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಸಭೆಯ ಸ್ಥಳ ಮಕ್ಕಳಿಗೆ ಅನುಕೂಲವಾಗಿರಬೇಕು ಎಂದೂ ಇತ್ತು. ಬರೆದ ಆದೇಶವೂ ಫೋನಿನ ಆದೇಶವೂ ಹೊಡೆದಾಡಿಕೊಂಡಾಗ ಬರೆದದ್ದರ ಹಿಂದೆ ನಿಲ್ಲುವುದು ಹಳೇ ನೌಕರರ ಧರ್ಮ. ಇಷ್ಟು ದಿನ ಅದನ್ನು ನನ್ನ ರಜೆಯ ವಿಷಯದಲ್ಲಿ ಮಾತ್ರ ಪಾಲಿಸಿದ್ದೆ.

ಪ್ರಶ್ನೆ ತೆಗೆಯಲಾಗುವುದಿಲ್ಲ, ಸುತ್ತೋಲೆ ನೋಡುವುದು, ಎಂದು ಸಿ.ಆರ್.ಪಿ.ಯವರಿಗೆ ಬರೆದು ಹಾಕಿ ಕೆಳಗೆ ಪೂರ್ತಿ ಹೆಸರು ಬರೆದೆ. ಅವರು ಕೂಡಲೇ ಫೋನ್ ಮಾಡಿದರು. ಬಯ್ಯಲಿಲ್ಲ, ನಿಟ್ಟುಸಿರು ಬಿಟ್ಟರು.

"ನೀವು ರಿಟೈರ್ ಆಗಾಕ ಬಂದೀರಿ ಸರ್, ನಿಮಗ ಧೈರ್ಯ ಐತಿ. ನನ್ನ ಸರ್ವೀಸ್ ಇನ್ನೂ ಭಾಳ ಐತ್ರಿ."

"ನಿಮ್ಮ ಹೆಸರು ಹೇಳಂಗಿಲ್ಲ ಬಿಡ್ರಿ."

"ಹೇಳಬ್ಯಾಡ್ರಿ. ಆದ್ರ ಆ ಹುಡುಗಿಗೆ ಜೋರಾಗಿ ಕೇಳು ಅನ್ರಿ."

ಆ ಮಾತಿಗಾಗಿ ಅವರನ್ನು ಇಂದಿಗೂ ಮೆಚ್ಚುತ್ತೇನೆ.

ಬೆಳಿಗ್ಗೆ ಪ್ರಧಾನಿಯನ್ನು ಕರೆದು, ಒಂಬತ್ತನೇ ತರಗತಿಯ ಪ್ರಶ್ನೆ ಮತ್ತೆ ಸೇರಿದೆಯೆಂದು ಹೇಳಿ ಬ್ಯಾಡ್ಜು ಮುಂದಿಟ್ಟೆ. ಅವಳು ಕೈ ಚಾಚಲಿಲ್ಲ. ಸಂಪುಟದ ಜೊತೆ ಮಾತಾಡಿ ಬರುತ್ತೇನೆಂದು ಹೋಗಿ, ಬೇವಿನ ಗಿಡದ ಕೆಳಗೆ ಗುಸುಗುಸು ಮಾಡಿ, ವಿರೋಧ ಪಕ್ಷದ ನಾಯಕನನ್ನೂ ಕಟ್ಟಿಕೊಂಡು ಬಂದಳು.

"ತಗೋತೀವ್ರಿ ಸರ್. ಆದ್ರ ಸಭಾ ಸಾಲ್ಯಾಗ ಬ್ಯಾಡ್ರಿ. ಕಾಲುವಿ ದಂಡಿ ಮ್ಯಾಲ ಮಾಡಾಮ್ರಿ."

"ಅಲ್ಲ್ಯಾಕ?"

"ಇಲ್ಲಿ ಕೂತು ದೂರ ಐತಿ ಅಂದ್ರ ಅವ್ರು ಹತ್ರ ಐತಿ ಅಂತಾರ್ರಿ. ಅಲ್ಲಿ ಕೂತ್ರ ಅನ್ನಾಕ ಬರಂಗಿಲ್ಲ."

ಮೂವತ್ತಕ್ಕೂ ಹೆಚ್ಚು ವರ್ಷ ಮನವಿಗಳನ್ನು ಬರೆದ ನನಗೆ ಹೊಳೆಯದ ಮಾತು. ಪಂಚಾಯಿತಿಯ ಅಧಿಕಾರಿಣಿಗೆ ಹೇಳಿದಾಗ ಅವರು ಒಂದು ಕ್ಷಣ ನನ್ನ ಮುಖ ನೋಡಿ, ಸುತ್ತೋಲೆ ನೋಡಿ, ನಕ್ಕು ಒಪ್ಪಿದರು. ದಂಡೆಯ ಮೇಲೆ, ಸಾಕಷ್ಟು ಹಿಂದಕ್ಕೆ ಸರಿದು ಶಾಮಿಯಾನ ಎದ್ದಿತು. ನೀರಿಗೂ ಮಕ್ಕಳಿಗೂ ನಡುವೆ ಹಗ್ಗ ಕಟ್ಟಿಸಿ ಇಬ್ಬರು ಮಾಸ್ತರರನ್ನು ಕಾವಲಿಗೆ ನಿಲ್ಲಿಸಿದೆ. ಜಾಲಿ ಗಿಡಗಳಿಗೆ ಬ್ಯಾನರು. ಮೈಕಿಗೆ ಕರೆಂಟು ಬೇಕಲ್ಲ, ಅದನ್ನು ರೈತನೊಬ್ಬ ಕಾಲುವೆಗೆ ಇಳಿಬಿಟ್ಟಿದ್ದ ಪಂಪ್‌ಸೆಟ್ಟಿನಿಂದ ಕೊಟ್ಟ. ಕಾಯ್ದೆಯಂತೆ ಆ ಪಂಪ್‌ಸೆಟ್ಟು ಅಲ್ಲಿರುವಂತಿಲ್ಲ. ಆದ್ದರಿಂದ ಅಧಿಕಾರಿಗಳೆಲ್ಲ ಅದರ ಕಡೆ ಬೆನ್ನು ಮಾಡಿ ಕೂತರು.

ಭತ್ತ ಹಳದಿಗೆ ತಿರುಗಿದ ದಿನಗಳು. ಕಾಲುವೆ ಇನ್ನೂ ದಂಡೆ ತುಂಬ ಹರಿಯುತ್ತಿತ್ತು. ಮಕ್ಕಳು ಸಾಲಾಗಿ ಕೂತರು, ಹಿಂದೆ ಊರ ಮಂದಿ, ಅವರ ಹಿಂದೆ ಕುರಿಗಳು. ಸಾಹೇಬರು ಮಾತ್ರ ಬಂದಿರಲಿಲ್ಲ. ಕ್ಯಾಂಪಿನ ಹೈಸ್ಕೂಲಿಗೆ ಭೇಟಿ ಕೊಟ್ಟು ಅಲ್ಲಿಂದ ನೇರ ಬರುತ್ತಾರೆಂದು ಸುದ್ದಿಯಿತ್ತು.

ನೇರವೇ ಬಂದರು. ಆಚೆ ದಂಡೆಯ ಮೇಲೆ ಒಂದು ಬಿಳಿ ಜೀಪು ಧೂಳೆಬ್ಬಿಸುತ್ತ ಬಂದು ನಮ್ಮ ಶಾಮಿಯಾನದ ನೇರಕ್ಕೆ ನಿಂತಿತು. ಡ್ರೈವರು ಮೊಬೈಲಿನ ನಕ್ಷೆಯನ್ನು ನಂಬಿದ್ದನಂತೆ. ಸಾಹೇಬರು ಇಳಿದರು. ಎದುರಿಗೆ ಬ್ಯಾನರು ಓದಬಹುದು, ಖಾಲಿ ಕುರ್ಚಿ ಕಾಣುತ್ತದೆ, ನಡುವೆ ನೀರು. ಅವರು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು.

"ಈ ಕಡಿಗೆ ಹೆಂಗ ಬರಾದ್ರೀ?"

ನಾನು ಎದ್ದು ಮೈಕಿನ ಕಡೆ ಹೆಜ್ಜೆ ಹಾಕುವುದರೊಳಗೆ ಪ್ರಧಾನಿ ಅಲ್ಲಿದ್ದಳು.

"ನಡಕೊಂತ ಬರ್ರಿ ಸರ್. ಹತ್ರ ಐತಿ ಅಂತ ಕಾಗದದಾಗ ಐತ್ರಿ!"

ಮೈಕು ಆ ಮಾತನ್ನು ಕಾಲುವೆ ದಾಟಿಸಿ ಕ್ಯಾಂಪಿನವರೆಗೂ ಮುಟ್ಟಿಸಿತು. ನನ್ನ ನಿವೃತ್ತಿ ವೇತನ ನೀರಿನಲ್ಲಿ ತೇಲಿ ಹೋಗುತ್ತಿರುವಂತೆ ನನಗೆ ಕಂಡಿತು. ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ನೀರನ್ನೇ ನೋಡಿದರು. ಆಮೇಲೆ ಜೀಪು ಹತ್ತಿದರು. ಜೀಪು ತಿರುಗಿ ತುರ್ವಿಹಾಳದ ದಿಕ್ಕಿಗೆ ಸಣ್ಣದಾಗುತ್ತ ಹೋಯಿತು. ಹಿಂದಕ್ಕೇ ಹೋದರೆಂದು ಕೆಲವರು ಎದ್ದರು. ಮಕ್ಕಳು ಏಳಲಿಲ್ಲ. ಅವರಿಗೆ ಆ ದಾರಿ ಎಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತಿತ್ತು. ಆಹಾರ ಮಂತ್ರಿ ಬಿಸ್ಕೀಟು ಹಂಚಿದಳು. ವಂದನಾರ್ಪಣೆಗೆ ಇಟ್ಟಿದ್ದ ಹಾಡನ್ನೂ ಹಾಡಿ ಮುಗಿಸಿದರು. ಆಗ ಜೀಪು ನಮ್ಮ ಕಡೆಯ ಹಾದಿಯಲ್ಲಿ ಕಾಣಿಸಿತು.

ಸಾಹೇಬರು ಹಾರ ಬೇಡವೆಂದರು, ನೀರು ಕುಡಿದರು, ಮೈಕು ತೆಗೆದುಕೊಂಡರು.

"ಮಾತಾಡಿದ ಹುಡುಗಿ ಯಾರವ್ವ?"

ಅವಳು ಎದ್ದು ನಿಂತಳು. ಪಾಸಾದ ಪ್ರಶ್ನೆಯನ್ನು ಅಕ್ಷರ ಬಿಡದೆ ಕೇಳಿದಳು. "ನಮ್ಮೂರಿಗೆ ಒಂಬತ್ತನೇ ಕ್ಲಾಸು ಯಾಕಿಲ್ರಿ ಸರ್? ಎಂಟು ಆದಮ್ಯಾಲ ನಾವು ಹೆಣ್ಣುಡುಗ್ರು ಎಲ್ಲಿ ಕಲೀಬೇಕ್ರಿ?"

ಕ್ರಮ ಕೈಗೊಳ್ಳಲಾಗುವುದು ಎಂಬ ಮಾತಿಗೆ ನಾವೆಲ್ಲ ಚಪ್ಪಾಳೆಯ ಕೈ ಸಿದ್ಧ ಮಾಡಿಕೊಂಡಿದ್ದೆವು.

"ಹತ್ರ ಐತಿ ಅಂತ ಬರದವನು ನಾನ ಅದೀನವ್ವ," ಎಂದರು. "ಆಗ ನಾ ಸಣ್ಣ ನೌಕ್ರಿಯಾಗಿದ್ದೆ. ಸಾಲಿಗಳ ನಡುವಿನ ದೂರ ಅಳೀರಿ ಅಂತ ಹುಕುಂ ಬಂದಿತ್ತು. ಮೇ ತಿಂಗಳು, ಸಾಲಿ ಸೂಟಿ, ಕಾಲುವಿ ಬಂದ್. ಇಲ್ಲೇ ಬೈಕ್ ಇಳಿಸಿ ಆಚಿ ಹತ್ತಿಸಿದೆ. ಮೀಟರ್ ನೋಡಿ ಬರದೆ. ಇದರಾಗ ನೀರು ಬರ್ತೈತಿ ಅನ್ನಾದು ನನಗ ಹೊಳೀಲೇ ಇಲ್ಲ. ತಪ್ಪು ನಂದು."

ಸಾಹೇಬರ ಬಾಯಿಂದ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಕಡೆಯ ಎರಡು ಪದಗಳನ್ನು ಮೈಕಿನಲ್ಲಿ, ಮಕ್ಕಳೆದುರು, ಯಾರೂ ಒತ್ತಾಯಿಸದೆ ಹೇಳಿದವರನ್ನು ಅವರೊಬ್ಬರನ್ನೇ ಕಂಡೆ. ಸುತ್ತೋಲೆ ಮುಕ್ತವಾಗಿ ಮಾತಾಡಲು ಹೇಳಿದ್ದು ಮಕ್ಕಳಿಗೆ. ಅದು ಅಧಿಕಾರಿಗೂ ತಗುಲಿತ್ತು.

ಪ್ರಧಾನಿ ಇನ್ನೂ ನಿಂತೇ ಇದ್ದಳು.

"ಮಾಫ್ ಮಾಡೀವ್ರಿ ಸರ್. ಕ್ಲಾಸು ಯಾವಾಗ ಕೊಡ್ತೀರಿ?"

ಕುರಿಗಳ ಹೊರತು ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು.

"ಕೊಡಾದು ನನ್ನ ಕೈಯಾಗಿಲ್ಲವ್ವ. ಆದ್ರ ತಪ್ಪು ಕಾಗದ ತಗದು ಖರೇ ಕಾಗದ ಕಳಸಾದು ನನ್ನ ಕೈಯಾಗ ಐತಿ."

ಕಳಿಸಿದರು. ಅದೇ ವಾರ ನೀರು ಹರಿಯುತ್ತಿರುವಾಗಲೇ, ಸೇತುವೆಯ ಮೇಲಿಂದ, ಬೇರೊಬ್ಬರಿಂದ ದೂರ ಅಳೆಸಿದರು. ಅಳತೆಯ ಜೊತೆ ಕಾಲುವೆಯ ಫೋಟೋ ಇಟ್ಟರು. ಹಿಂದಿನ ವರದಿ ತಮ್ಮದೇ, ಅದು ಸರಿಯಿಲ್ಲ ಎಂದು ಪ್ರಸ್ತಾವದಲ್ಲೇ ಬರೆದರು. ಅದರ ಪ್ರತಿ ನನಗೆ ಬಂದಾಗ ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ.

ಸರ್ಕಾರ ಕಾಲುವೆಯಷ್ಟು ವೇಗವಾಗಿ ಹರಿಯುವುದಿಲ್ಲ. ಬೇಸಿಗೆ ಬಂತು, ಹುಡುಗಿ ಎಂಟು ಪಾಸಾದಳು, ಜೂನ್ ಬಂತು, ಶಾಲೆ ತೆರೆಯಿತು, ಆದೇಶ ಬರಲಿಲ್ಲ. ಪಾಸಾದವಳನ್ನು ಎಂಟರಲ್ಲೇ ಕೂಡ್ರಿಸುವುದು ನಿಯಮಕ್ಕೆ ವಿರುದ್ಧ. ವರಾಂಡದಲ್ಲಿ ಕೂಡ್ರಿಸುವ ಬಗ್ಗೆ ನಿಯಮವೇ ಇಲ್ಲ. ಆದ್ದರಿಂದ ಅವಳನ್ನೂ ಅವಳ ಜೊತೆಯವರನ್ನೂ ವರಾಂಡದಲ್ಲಿ ಕೂಡ್ರಿಸಿ ಬಿಡುವಿದ್ದ ಮಾಸ್ತರರು ಪಾಳಿಯಲ್ಲಿ ಪಾಠ ಮಾಡಿದರು. ಸಹಶಿಕ್ಷಕಿ ತಮ್ಮ ಮಗನ ಹಳೇ ಒಂಬತ್ತನೇ ತರಗತಿಯ ಪುಸ್ತಕ ತಂದರು. ಅಪ್ಪ ಒಂದು ದಿನ ಬಂದು ನೋಡಿದ.

"ಇದೇನ್ರಿ ಸರ್, ಒಂಬತ್ತೋ ಎಂಟೋ?"

"ಎರಡರ ನಡಬರಕ ಐತಪ್ಪ. ಇನ್ನೊಂದೀಟು ತಡಿ."

"ಕುರಿ ತಡಿಯಂಗಿಲ್ರಿ ಸರ್," ಎಂದ. ಆದರೂ ಆ ಸಲ ಕುರಿಯ ಹಿಂದೆ ತನ್ನ ತಮ್ಮನನ್ನು ಕರೆದುಕೊಂಡು ಹೋದ. ಮಗಳನ್ನು ಬಿಟ್ಟು ಹೋದ.

ಮಳೆಗಾಲದ ನಡುವೆ, ನಾಟಿಯ ಟಂಟಂಗಳು ಓಡಾಡತೊಡಗಿದ ಮೇಲೆ, ಆದೇಶ ಬಂತು. ಅಕ್ಕಿ ಮೂಟೆಯ ಕೋಣೆಯನ್ನು ಖಾಲಿ ಮಾಡಿಸಿ, ತೊಳೆಸಿ, ಬಾಗಿಲ ಮೇಲೆ ಒಂಬತ್ತನೇ ತರಗತಿ ಎಂದು ನಾನೇ ಸುಣ್ಣದಲ್ಲಿ ಬರೆದೆ. ವರಾಂಡದವರೆಲ್ಲ ಚೀಲ ಎತ್ತಿಕೊಂಡು ಒಳಗೆ ಹೋದರು. ನಾನು ಹೊರಗೆ ನಿಂತು ಸುಣ್ಣದ ಕೈ ಒರೆಸಿಕೊಳ್ಳುತ್ತಿರುವಾಗ ಅವಳು ಬಾಗಿಲಿಗೆ ಬಂದಳು.

"ಸರ್, ಕ್ಲಾಸು ಬಂತ್ರಿ. ಗಣಿತದ ಮಾಸ್ತರು ಎಲ್ಲ್ಯದಾರ?"

ಗಣಿತದ ಹುದ್ದೆ ಆದೇಶದಲ್ಲಿತ್ತು, ಮಾಸ್ತರು ಇರಲಿಲ್ಲ. ಕೇಳೋಣವ್ವ, ನಾನೇ ಬರೆದು ಹಾಕ್ತೀನಿ, ಎನ್ನುವ ಮಾತು ಬಾಯಿಗೆ ಬಂತು. ಅದನ್ನು ನುಂಗಿ ಜೇಬಿನಿಂದ ಫೋನು ತೆಗೆದು, ಸಾಹೇಬರ ನಂಬರು ಒತ್ತಿ, ಅವಳ ಕೈಗೆ ಕೊಟ್ಟೆ.

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ಕಡೆಯಿಂದ ಯಾರು ಎಂದು ಕೇಳಿರಬೇಕು.

"ನಮಸ್ಕಾರ್ರಿ ಸರ್," ಎಂದಳು. "ನಾ ಒಂಬತ್ತನೇ ಕ್ಲಾಸಿನಾಕಿ ಮಾತಾಡಾಕತ್ತೀನ್ರಿ."